ಬ್ರೇಕ್ ಪ್ಯಾಡಿನ ಡಬ್ಬಿಯಲ್ಲಿ ಮೊದಲು ಚಿಕ್ಕ ಅಂಕಿ ಓದಿ

ಪುಣಜನೂರು ಚೆಕ್‌ಪೋಸ್ಟಿನಲ್ಲಿ ನಸುಕಿಗೆ ಕಾಯುವುದು ನಮ್ಮ ಚಾಮರಾಜನಗರದ ಕಡೆಯವರಿಗೆ ಹೊಸದಲ್ಲ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶ ಬಂದ ಮೇಲೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬೆಳಗ್ಗೆ 6ಕ್ಕೆ ಗೇಟು ತೆಗೆಯುವ ತನಕ ಕಬ್ಬಿನ ಲಾರಿ, ತರಕಾರಿ ಟೆಂಪೊ, ಕೊಯಮತ್ತೂರು ಆಸ್ಪತ್ರೆಗೆ ಹೊರಟ ಕಾರು ಎಲ್ಲವೂ ಸಾಲಾಗಿ ನಿಂತಿರುತ್ತವೆ. ಗೇಟು ತೆಗೆದ ಕೂಡಲೇ ಎಲ್ಲರಿಗೂ ಅವಸರ.

ಹೋದ ಚಳಿಗಾಲದಲ್ಲಿ ಆ ಸಾಲಿನಲ್ಲಿ ನಾನೂ ಇದ್ದೆ, ನನ್ನ ಸೋದರಮಾವನ ಮಗನ ಕಾರಿನಲ್ಲಿ. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ವಾರವೆಲ್ಲ ಅದೇ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಆಫೀಸಿಗೆ ಹೋಗುತ್ತಾನೆ, ವರ್ಷಕ್ಕೆ ಮೂರ್ನಾಲ್ಕು ಸಲ ಅದನ್ನೇ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದು ಓಡಿಸುತ್ತಾನೆ. ಅಲ್ಲಿ ಹಣ ಕಟ್ಟಿದರೆ ನಮ್ಮ ನಿಮ್ಮಂಥವರೂ ಸ್ವಂತ ಗಾಡಿ ಓಡಿಸುವ ದಿನಗಳಿರುತ್ತವೆ. ಅದರ ಮೇಲೊಂದು ಸುದ್ದಿ ಮಾಡೋಣ ಅಂತ ನಾನೂ ಹತ್ತಿಕೊಂಡಿದ್ದೆ.

ಗೇಟು ದಾಟಿ ಕಾರಪಳ್ಳಂ ಕಳೆದು ಸ್ವಲ್ಪ ದೂರ ಹೋಗಿರಬೇಕು. ಮಂಜು ಇತ್ತು. ವೇಗ 60ರ ಆಸುಪಾಸು. ಒಂದು ತಿರುವು ತಿರುಗಿದರೆ ರಸ್ತೆ ಮಧ್ಯ ಕಬ್ಬಿನ ಲಾರಿ ನಿಂತಿದೆ, ಅದರ ಮುಂದೆ ಆನೆ. ಆ ಜಾಗದಲ್ಲಿ ಆನೆ ಲಾರಿ ಅಡ್ಡಗಟ್ಟಿ ಕಬ್ಬು ಎಳೆಯುವುದು ನಮಗೆ ಮಾಮೂಲಿ. ನಮ್ಮ ಹುಡುಗ ಬ್ರೇಕ್ ಒತ್ತಿದ. ಕಾರಿಗೆ ಕೇಳಿಸಲೇ ಇಲ್ಲ ಅನ್ನುವ ಹಾಗೆ ಮುಂದೆ ಹೋಯಿತು. ಅವನು ಸೀಟಿನಿಂದ ಎದ್ದು ನಿಲ್ಲುವಂತೆ ಪೆಡಲ್ ತುಳಿದ ಮೇಲೆ ನಿಂತಿತು. ಲಾರಿಯ ಹಿಂದೆ ಚಾಚಿಕೊಂಡಿದ್ದ ಕಬ್ಬಿನ ತುದಿ ನಮ್ಮ ಬಾನೆಟ್ಟಿನ ಮೇಲಿತ್ತು.

"ಏನ್ಲಾ ಇದು, ಬ್ರೇಕ್ ಇಲ್ವಾ?"

"ಅದೆ ಭಾವ, ಇನ್ನೂ ಕಾದಿಲ್ಲ ಅಷ್ಟೆ. ಟ್ರ್ಯಾಕ್ ಪ್ಯಾಡು."

ಈ ಬರಹ ಅವನ ಆ ಉತ್ತರದ ಮೇಲೆ. ನನ್ನ ಸುದ್ದಿಯನ್ನು ಡೆಸ್ಕಿನವರು ಹಾಕಲಿಲ್ಲ. ಜಿಲ್ಲೆಗೆ ಸಂಬಂಧ ಇಲ್ಲ ಅಂದರು. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ನಮ್ಮ ಊರುಗಳ ಬಾಗಿಲಲ್ಲೇ ಹಾಯುತ್ತದೆ. ಕಾದರೆ ಮಾತ್ರ ಹಿಡಿಯುವ ಬ್ರೇಕ್ ಹಾಕಿಕೊಂಡು ಆ ರಸ್ತೆಯಲ್ಲಿ ಬರುವ ಕಾರಿಗೂ ಜಿಲ್ಲೆಗೂ ಸಂಬಂಧ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಹುಡುಗನ ಕಡೆಯ ನ್ಯಾಯವನ್ನೂ ಹೇಳಿಬಿಡುತ್ತೇನೆ. ಟ್ರ್ಯಾಕಿಗೆ ಕಂಪನಿಯಿಂದ ಬಂದ ಪ್ಯಾಡು ಸಾಲುವುದಿಲ್ಲ ಎಂಬುದು ನಿಜ. ಬ್ರೇಕ್ ಮಾಡುವ ಕೆಲಸ ಇಷ್ಟೆ: ಓಡುವ ಗಾಡಿಯ ಶಕ್ತಿಯನ್ನು ಬಿಸಿಯನ್ನಾಗಿ ಮಾಡಿ ಗಾಳಿಗೆ ಬಿಡುವುದು. ಒಂದು ಟನ್ ತೂಕದ ಕಾರು 50 ಕಿ.ಮೀ. ವೇಗದಿಂದ ನಿಂತರೆ ಸುಮಾರು 96 ಕಿಲೊಜೂಲ್ ಬಿಸಿ ಹುಟ್ಟುತ್ತದೆ. 100ರಿಂದ ನಿಂತರೆ ಅದರ ನಾಲ್ಕು ಪಟ್ಟು, 386. ಕರಿ ಟ್ರ್ಯಾಕು ಬರೀ 2.1 ಕಿ.ಮೀ. ಒಂದು ಸುತ್ತಿನಲ್ಲಿ ಹಲವು ಸಲ ಜೋರಾಗಿ ಬ್ರೇಕ್ ಒತ್ತಬೇಕು, ಎರಡು ಒತ್ತುವಿಕೆಯ ನಡುವೆ ಆರಲು ಕೆಲವೇ ಸೆಕೆಂಡು. ಊರೊಳಗೆ ಓಡಾಡುವಾಗ 100, 200 ಡಿಗ್ರಿ ಆಜುಬಾಜಿನಲ್ಲಿರುವ ಡಿಸ್ಕು ಅಲ್ಲಿ 500 ದಾಟುತ್ತದೆ. ಮಾಮೂಲಿ ಪ್ಯಾಡಿನಲ್ಲಿ ಪುಡಿಗಳನ್ನು ಅಂಟಿಸಿ ಹಿಡಿದಿರುವ ರಾಳ ಆ ಬಿಸಿಗೆ ಸುಟ್ಟು ಅನಿಲ ಬಿಡುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಆ ಅನಿಲ ಸೇರಿ ಹಿಡಿತ ಹೋಗುತ್ತದೆ.

ಅವತ್ತು ಟ್ರ್ಯಾಕಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮಾಮೂಲಿ ಪ್ಯಾಡಿನಲ್ಲೇ ಬಂದಿದ್ದ ಒಬ್ಬರ ಮುಂದಿನ ಚಕ್ರಗಳಿಂದ ನಾಲ್ಕನೇ ಸುತ್ತಿಗೆ ಹೊಗೆ. ಪೆಡಲ್ ಕಲ್ಲಿನ ಹಾಗಿತ್ತು, ಕಾರು ನಿಲ್ಲುತ್ತಿರಲಿಲ್ಲ ಅಂದರು. ಇನ್ನೊಬ್ಬರ ಕಥೆ ಅದರ ಉಲ್ಟಾ: ಪೆಡಲ್ ಹತ್ತಿಯ ಹಾಗೆ ಕೆಳಗಿಳಿದುಬಿಟ್ಟಿತು. ಎರಡನ್ನೂ ನಾವು ಪತ್ರಿಕೆಯಲ್ಲಿ 'ಬ್ರೇಕ್ ಫೇಲ್' ಅಂತಲೇ ಬರೆಯುತ್ತೇವೆ, ಆದರೆ ರೋಗ ಬೇರೆ ಬೇರೆ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಸೋತಿರುವುದು ಪ್ಯಾಡು. ಪೆಡಲ್ ಕುಸಿದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿದೆ. ಎರಡನೆಯ ರೋಗಕ್ಕೆ ಎಷ್ಟು ದುಬಾರಿಯ ಪ್ಯಾಡು ಹಾಕಿದರೂ ಔಷಧಿಯಲ್ಲ.

ನಮ್ಮ ಹುಡುಗನ ಕಾರು ಅಲ್ಲಿ ಎರಡನೇ ಸುತ್ತಿನಿಂದಲೇ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. ಬೆಳಗ್ಗೆ ಆನೆ ಮುಂದೆ ಕೈಕೊಟ್ಟ ಅದೇ ಪ್ಯಾಡು. ಅವನ ಮುಖದಲ್ಲಿ 'ನೋಡಿದೆಯಾ ಭಾವ' ಎಂಬ ಕಳೆ. ನೋಡಿದೆ, ನಿಜ. ಅವನ ಪ್ಯಾಡಿನ ಖಾಲಿ ಡಬ್ಬಿ ಡಿಕ್ಕಿಯಲ್ಲೇ ಬಿದ್ದಿತ್ತು, ಅದನ್ನೂ ತೆಗೆದು ನೋಡಿದೆ. ಕೆಲಸ ಮಾಡುವ ತಾಪಮಾನ 200ರಿಂದ 700 ಡಿಗ್ರಿ ಅಂತ ಅಚ್ಚಾಗಿತ್ತು.

"ಇದನ್ನ ಓದಿ ತಗೊಂಡ್ಯಾ?"

"ಓದ್ದೆ ಭಾವ. 700ರ ತನಕ ತಡೀತದೆ."

ಎಲ್ಲರೂ ಓದುವುದು ಆ 700ನ್ನೇ. ಅಂಗಡಿಯವನು ತೋರಿಸುವುದೂ ಅದನ್ನೇ, ವಿಡಿಯೊ ಮಾಡುವವರು ಕೂಗಿ ಹೇಳುವುದೂ ಅದನ್ನೇ. ನನ್ನ ವಾದ ಇಷ್ಟು: ಒಂದೇ ಗಾಡಿಯಲ್ಲಿ ರಸ್ತೆಗೂ ಟ್ರ್ಯಾಕಿಗೂ ಹೋಗುವವನು ಮೊದಲು ಓದಬೇಕಾದ್ದು ಆ 200ನ್ನು. ಯಾವ ಬಿಸಿಯಿಂದ ಇದು ಹಿಡಿಯಲು ಶುರುಮಾಡುತ್ತದೆ? ಜನವರಿ ಬೆಳಗ್ಗೆ ಪುಣಜನೂರಿನಲ್ಲಿ ಅರ್ಧ ಗಂಟೆ ನಿಂತ ಕಾರಿನ ಡಿಸ್ಕು ಎಷ್ಟು ಬಿಸಿ ಇರುತ್ತದೆ? ಮುಟ್ಟಿದರೆ ಕೈ ತಣ್ಣಗಾಗುತ್ತದೆ.

ಲೆಕ್ಕ ಹಾಕಿ ನೋಡಿ. ಒಳ್ಳೆಯ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ 60 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 18 ಮೀಟರಿನಲ್ಲಿ ನಿಲ್ಲಬಲ್ಲದು. ಹಿಡಿತ ಅರ್ಧವಾದರೆ 36 ಮೀಟರ್ ಬೇಕು. ಕಾಲು ಜೋರಾಗಿ ಒತ್ತಿದರೆ ಸರಿಹೋಗುತ್ತದಲ್ಲ ಅಂತ ಹುಡುಗ ಕೇಳಿದ. ಸ್ವಲ್ಪ ಸರಿಹೋಗುತ್ತದೆ. ಆದರೆ 'ಅಯ್ಯೋ ಹಿಡೀತಿಲ್ಲ' ಅಂತ ತಲೆಗೆ ಹೋಗಿ, ಕಾಲಿಗೆ ಬಂದು, ಎರಡನೇ ಸಲ ತುಳಿಯುವಷ್ಟರಲ್ಲಿ ಅರ್ಧ ಸೆಕೆಂಡಾದರೂ ಕಳೆಯುತ್ತದೆ. 60ರ ವೇಗದಲ್ಲಿ ಅರ್ಧ ಸೆಕೆಂಡಿಗೆ ಕಾರು 8 ಮೀಟರಿಗಿಂತ ಹೆಚ್ಚು ಓಡಿರುತ್ತದೆ. ಆನೆ ಬಿಡಿ, ಅದು ತನ್ನನ್ನು ತಾನು ನೋಡಿಕೊಳ್ಳುತ್ತದೆ. ಹಾಸನೂರಿನ ಬಸ್ ನಿಲ್ದಾಣದಲ್ಲಿ ರಸ್ತೆ ದಾಟುವ ಶಾಲೆ ಹುಡುಗಿಗೆ ಆ 8 ಮೀಟರು ಯಾರು ಕೊಡುತ್ತಾರೆ?

ಡಬ್ಬಿಯಲ್ಲಿ ತಾಪಮಾನ ಬರೆದಿರದಿದ್ದರೆ ಪ್ಯಾಡಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಹುಡುಕಿ ಅನ್ನುವವರಿದ್ದಾರೆ. ಎಫ್‌ಎಫ್, ಜಿಜಿ ಎಂಬಂಥವು. ಮೊದಲ ಅಕ್ಷರ ಮಾಮೂಲಿ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಇದನ್ನು ತಿಳಿದುಕೊಂಡು ನಾನೂ ಒಂದು ವಾರ ದೊಡ್ಡ ಪಂಡಿತನ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಗೊತ್ತಾಯಿತು: ಆ ಪರೀಕ್ಷೆಯ 'ಮಾಮೂಲಿ ಬಿಸಿ' ಶುರುವಾಗುವುದೇ 90 ಡಿಗ್ರಿ ದಾಟಿದ ಮೇಲೆ, ಅದರ 'ಹೆಚ್ಚು ಬಿಸಿ' ಮುಗಿಯುವುದು 340ರ ಹತ್ತಿರ. ಅಂದರೆ ತಣ್ಣನೆಯ ಬೆಳಗಿನ ಬಗ್ಗೆಯೂ ಅದು ಏನೂ ಹೇಳುವುದಿಲ್ಲ, ಟ್ರ್ಯಾಕಿನ ಬಗ್ಗೆಯೂ ಹೇಳುವುದಿಲ್ಲ. ನಮಗೆ ಬೇಕಾದ ಎರಡೂ ತುದಿ ಅದರಲ್ಲಿಲ್ಲ. ಅಕ್ಷರ ನೋಡಿ ಪ್ಯಾಡು ಆರಿಸುವುದು ಜಾಕೆಟ್ ನೋಡಿ ಕಾದಂಬರಿ ವಿಮರ್ಶೆ ಬರೆದ ಹಾಗೆ. ತಯಾರಕರು ತಾಪಮಾನಕ್ಕೆ ತಕ್ಕಂತೆ ಹಿಡಿತ ಹೇಗೆ ಏರಿಳಿಯುತ್ತದೆ ಎಂಬ ಗ್ರಾಫ್ ಕೊಡುತ್ತಾರೆ, ಒಳ್ಳೆಯವರು ಕೊಟ್ಟೇ ಕೊಡುತ್ತಾರೆ. ಅದರ ಎಡತುದಿ ನೋಡಿ. ಗೆರೆ ಅಲ್ಲಿಯೇ ಮೇಲಿದ್ದರೆ ಅದು ರಸ್ತೆಗೆ ಬರುವ ಪ್ಯಾಡು. ಕೆಳಗಿಂದ ಹತ್ತುತ್ತಾ ಹೋಗುವ ಗೆರೆಯಾದರೆ ಅದನ್ನು ಹಾಕಿಕೊಂಡು ನಮ್ಮ ಕಡೆ ಬರಬೇಡಿ.

ಹಾಗಾದರೆ ಯಾವುದು ತಗೊಳ್ಳಲಿ ಅಂತ ಕೇಳುತ್ತೀರಿ. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ಸ್ಟ್ರಿಂಜರ್‌ಗಳಾದ ನಾವು ಸುದ್ದಿಯ ಜೊತೆ ಜಾಹೀರಾತನ್ನೂ ತರುವವರು, ಹೆಸರು ಬರೆದರೆ ಯಾರೂ ನಂಬುವುದಿಲ್ಲ. ಬಗೆ ಹೇಳುತ್ತೇನೆ. ಮಾಮೂಲಿ ಪ್ಯಾಡಿಗೂ ರೇಸ್ ಪ್ಯಾಡಿಗೂ ನಡುವೆ, ಜೋರು ರಸ್ತೆ ಓಟಕ್ಕೆ ಅಂತಲೇ ಮಾಡಿದವು ಬರುತ್ತವೆ. ತಣ್ಣಗಿದ್ದಾಗಲೂ ಹಿಡಿಯುತ್ತವೆ, ಮಾಮೂಲಿಗಿಂತ ಹೆಚ್ಚು ಬಿಸಿ ತಡೆಯುತ್ತವೆ. ಬದಲಿಗೆ ಸ್ವಲ್ಪ ಕಿರುಚುತ್ತವೆ, ಚಕ್ರಕ್ಕೆಲ್ಲ ಕಪ್ಪು ಪುಡಿ ಹಿಡಿಸುತ್ತವೆ, ಡಿಸ್ಕನ್ನು ಬೇಗ ತಿನ್ನುತ್ತವೆ. ವರ್ಷಕ್ಕೆ ಎರಡು ಮೂರು ಸಲ ಟ್ರ್ಯಾಕಿಗೆ ಹೋಗುವವನಿಗೆ ಇದು ಸಾಕು, ಒಂದು ಷರತ್ತಿನ ಮೇಲೆ: ಪ್ಯಾಡು ಹೇಳಿದಷ್ಟೇ ಸುತ್ತು ಓಡಿಸಬೇಕು. ನಾಲ್ಕೈದು ಸುತ್ತು ಜೋರು, ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನ, ಆಮೇಲೆ ಹೊರಗೆ. ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಪೆಡಲ್ ಮೇಲೆ ಕಾಲಿಟ್ಟು ಕೂರಲೂಬಾರದು. ಗೇರಿನಲ್ಲಿ ಬಿಟ್ಟು ಇಳಿಯಬೇಕು. ಎಲ್ಲರಿಗಿಂತ ಎರಡು ಸುತ್ತು ಕಡಿಮೆ ಆಗುತ್ತದೆ. ಆಗಲಿ, ಅಲ್ಲಿ ಯಾರೂ ಕಪ್ ಕೊಡುತ್ತಿಲ್ಲ.

ಅಷ್ಟಕ್ಕೆ ತೃಪ್ತಿ ಇಲ್ಲದವನು ಎರಡು ಸೆಟ್ ಇಟ್ಟುಕೊಳ್ಳಲಿ. ರಸ್ತೆಯ ಪ್ಯಾಡಿನಲ್ಲಿ ಹೋಗಿ, ಅಲ್ಲಿ ಜಾಕ್ ಹಾಕಿ ಬದಲಾಯಿಸಿ, ಸಂಜೆ ಮತ್ತೆ ರಸ್ತೆಯದನ್ನು ಹಾಕಿಕೊಂಡು ಬರುವುದು. ಕಷ್ಟದ ಕೆಲಸವಲ್ಲ, ಕಲಿತವನಿಗೆ ಮುಂದಿನ ಎರಡು ಚಕ್ರಕ್ಕೆ ಮುಕ್ಕಾಲು ಗಂಟೆ. ಆದರೆ ಒಂದು ಬಗೆಯ ಪ್ಯಾಡು ಡಿಸ್ಕಿನ ಮೇಲೆ ತನ್ನ ತೆಳು ಪದರ ಹಚ್ಚಿರುತ್ತದೆ. ಇನ್ನೊಂದು ಬಗೆ ಹಾಕಿದಾಗ ಆ ಪದರ ಹೋಗಿ ಹೊಸದು ಕೂರುವ ತನಕ ಹಿಡಿತ ಸರಿಯಿರುವುದಿಲ್ಲ, ಕೆಲವು ಸಲ ಸ್ಟೀರಿಂಗ್ ನಡುಗುತ್ತದೆ. ಖಾಲಿ ರಸ್ತೆ ನೋಡಿ 80ರಿಂದ 20ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸಬೇಕು. ಇದನ್ನು ಘಾಟಿಯಲ್ಲಿ ಮಾಡಬೇಡಿ, ನಿಮ್ಮ ಹಿಂದೆ ಲಾರಿ ಇರುತ್ತದೆ. ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕಾರಿನವರು ಬರೀ ಹಿಂದಕ್ಕೆ ಜೋರು ಪ್ಯಾಡು ಹಾಕುವ ಸಾಹಸ ಬೇಡ, ಹಿಂದಿನ ಚಕ್ರ ಮೊದಲು ಕಚ್ಚಿಕೊಂಡರೆ ಕಾರು ತಿರುಗಿಬಿಡುತ್ತದೆ.

ಇನ್ನು ಆಯಿಲು. ನಮ್ಮೂರ ಗ್ಯಾರೇಜಿನ ಭಾಯ್ ಹೇಳುವ ಹಾಗೆ, "ಸರ್, ಪ್ಯಾಡ್‌ಗೆ ಸಾವಿರ ಸಾವಿರ ಸುರೀತಾರೆ, ಆಯಿಲ್ ಬದಲಾಯ್ಸಿ ಎಷ್ಟ್ ವರ್ಷ ಆಯ್ತು ಕೇಳಿದ್ರೆ ತಲೆ ಕೆರ್ಕೋತಾರೆ." ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಎಂದು ನಿಯಮ. ಅದೇ ಆಯಿಲ್ ಗಾಳಿಯ ತೇವ ಕುಡಿದು ಹಳತಾದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಇದ್ದದ್ದು 140ಕ್ಕೆ. ಟ್ರ್ಯಾಕಿಗೆ ಹೋಗುವ ಮುಂಚೆ ಹಳೆ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸುವುದಕ್ಕೆ ಆಗುವ ಖರ್ಚು ಒಂದು ಸೆಟ್ ಪ್ಯಾಡಿನ ಮುಂದೆ ಏನೇನೂ ಅಲ್ಲ. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನಿನದು, ಇವುಗಳ ಜೊತೆ ಸೇರುವುದಿಲ್ಲ. 5.1 ಬೇರೆ, ಅದು ಆಗುತ್ತದೆ.

ಘಾಟಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಟ್ರ್ಯಾಕಿನ ಬಿಸಿ ಟ್ರ್ಯಾಕಿನಲ್ಲಿ ಮಾತ್ರ ಅಂದುಕೊಳ್ಳಬೇಡಿ. ದಿಂಬಂನಿಂದ ಬಣ್ಣಾರಿಗೆ 27 ಹೇರ್‌ಪಿನ್ ತಿರುವು. ಒಂದು ಟನ್ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಹುಟ್ಟುವ ಶಕ್ತಿ 4,900 ಕಿಲೊಜೂಲ್, 100ರ ವೇಗದಿಂದ ಹನ್ನೆರಡು ಹದಿಮೂರು ಸಲ ನಿಲ್ಲಿಸಿದಷ್ಟು. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವ ಬುದ್ಧಿವಂತರ ಗಾಡಿಯಲ್ಲಿ ಅಷ್ಟೂ ಬ್ರೇಕಿನ ಮೇಲೆಯೇ. ಕೆಳಗಿನ ತಿರುವುಗಳಲ್ಲಿ ಸುಟ್ಟ ವಾಸನೆ ಬರುವುದು ಅದರದೇ.

ಅಂದರೆ ಆ ಒಂದು ದಾರಿಯಲ್ಲೇ ಬ್ರೇಕಿಗೆ ಮೂರು ಪರೀಕ್ಷೆ: ಗೇಟಿನಲ್ಲಿ ತಣ್ಣಗೆ, ಘಾಟಿಯಲ್ಲಿ ಬಿಸಿ, ಟ್ರ್ಯಾಕಿನಲ್ಲಿ ಕೆಂಡ. ಮೂರನೆಯದರಲ್ಲಿ ಸೋತರೆ ಬದಿಗೆ ಜಲ್ಲಿ ಇರುತ್ತದೆ, ಎಲ್ಲರೂ ಹೆಲ್ಮೆಟ್ ಹಾಕಿರುತ್ತಾರೆ, ಎದುರಿನಿಂದ ಯಾರೂ ಬರುವುದಿಲ್ಲ. ಮೊದಲನೆಯದರಲ್ಲಿ ಸೋತರೆ ಅಲ್ಲಿರುವವರು ನಿಮ್ಮ ಆಟಕ್ಕೆ ಒಪ್ಪಿ ಸಹಿ ಹಾಕಿದವರಲ್ಲ. ಹತ್ತು ವರ್ಷದಿಂದ ಅಪಘಾತದ ಸುದ್ದಿ ಕಳಿಸುತ್ತಿದ್ದೇನೆ. 'ಅತಿವೇಗ ಮತ್ತು ಅಜಾಗರೂಕತೆ' ಅಂತ ಠಾಣೆಯಲ್ಲಿ ಬರೆದುಕೊಡುತ್ತಾರೆ, ನಾವು ಹಾಗೇ ದಾಟಿಸುತ್ತೇವೆ. ಚಕ್ರದೊಳಗೆ ಯಾವ ಪ್ಯಾಡಿತ್ತು ಅಂತ ನಾನು ಒಂದು ಸಲವೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ; ಪೊಲೀಸರು ವಿಚಿತ್ರವಾಗಿ ನೋಡುತ್ತಾರೆ.

ಹುಡುಗ ಮೊದಲು ಒಪ್ಪಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ಒಂದು ದಿನ ಮಳೆಯಲ್ಲಿ, ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ, ಬೆಳಗ್ಗೆ ಕಾರು ತೆಗೆದ ಮೊದಲ ನಿಮಿಷದಲ್ಲೇ ವಾಚ್‌ಮನ್‌ನ ಸೈಕಲ್ಲಿಗೆ ತಾಗಿಸಿದನಂತೆ. ಸೈಕಲ್ ಖಾಲಿ ನಿಂತಿತ್ತು, ಪುಣ್ಯ. ಅದೇ ವಾರ ರಸ್ತೆಯ ಪ್ಯಾಡು ಹಾಕಿಸಿ ಫೋಟೊ ಕಳಿಸಿದ.

ಮುಂದಿನ ತಿಂಗಳು ಮತ್ತೆ ಚೆಟ್ಟಿಪಾಳಯಂಗೆ ಹೊರಟಿದ್ದಾನೆ, ಬಾ ಭಾವ ಅಂತ ಕರೆದಿದ್ದಾನೆ. ಹೋಗುತ್ತೇನೆ. ಹತ್ತುವ ಮುಂಚೆ ಡಿಕ್ಕಿ ತೆಗೆಸಿ ನೋಡುತ್ತೇನೆ: ಟ್ರ್ಯಾಕಿನ ಪ್ಯಾಡುಗಳು ಡಬ್ಬಿಯಲ್ಲೇ ಇರಬೇಕು.