ತದ್ಭವವಾದ ಸೈಕಲ್ಲು

ಕಳೆದ ತಿಂಗಳ ಒಂದು ಭಾನುವಾರ ಬೆಂಗಳೂರಿನ ಸಜ್ಜನರೊಬ್ಬರು ಗಂಡಸಿಯ ನಮ್ಮ ಮನೆಗೆ ಬಂದಿದ್ದರು. ಹಳೆಯ ಇಂಗ್ಲಿಷ್ ಸೈಕಲ್ಲುಗಳನ್ನು ಹುಡುಕಿ ಕೊಳ್ಳುವುದು ಅವರ ಹವ್ಯಾಸ. ಪಡಸಾಲೆಯ ಗೋಡೆಗೆ ಒರಗಿಸಿದ್ದ ನಮ್ಮ ತಂದೆಯವರ ರ‍್ಯಾಲಿ ಸೈಕಲ್ಲನ್ನು ಕಂಡೊಡನೆ ಅವರ ಮುಖ ಅರಳಿತು; ಎರಡು ಹೊಸ ಸೈಕಲ್ಲು ಕೊಳ್ಳಬಹುದಾದಷ್ಟು ಬೆಲೆಯನ್ನು ಅಲ್ಲಿಯೇ ನುಡಿದರು. ಆದರೆ ಬಗ್ಗಿ ನೋಡುತ್ತ ಹೋದಂತೆ ಉತ್ಸಾಹ ಇಳಿಯಿತು. ರಿಮ್ಮು ಲೂಧಿಯಾನದ್ದು, ಪೆಡಲು ಮದರಾಸಿನದು, ಸೀಟು ಅರಸೀಕೆರೆಯ ಅಂಗಡಿಯದು, ಕ್ಯಾರಿಯರು ಊರ ಕುಲುಮೆಯಲ್ಲಿ ಬಡಿದದ್ದು. “ಇದು ಒರಿಜಿನಲ್ ಅಲ್ಲವಲ್ಲ ಸಾರ್, ಬರೀ ಫ್ರೇಮಾದರೆ ತಗೊಳ್ತೀನಿ” ಎಂದರು. ಮೂವತ್ತು ವರ್ಷ ಅದನ್ನು ತುಳಿದು ಶಾಲೆಗೆ ಹೋಗಿಬಂದ ತಂದೆಯವರು, “ತುಳಿದ ಗಾಡಿ ಸ್ವಾಮಿ, ಹಾಗೇ ಇರೋಕಾಗುತ್ತಾ?” ಎಂದಷ್ಟೇ ಹೇಳಿ ಕಾಫಿ ತರಿಸಿದರು.

ಬಂದವರ ಮಾತೂ ಸುಳ್ಳಲ್ಲ, ತಂದೆಯವರ ಮಾತೂ ಸುಳ್ಳಲ್ಲ. ಹಳೆಯ ವಸ್ತುವನ್ನು ಪ್ರೀತಿಸುವ ಎರಡು ಬಗೆಗಳು ಅಲ್ಲಿ ಎದುರುಬದುರಾಗಿ ಕುಳಿತಿದ್ದವು. ಅವುಗಳಲ್ಲಿ ಯಾವುದು ನಮಗೆ ಸಲ್ಲತಕ್ಕದ್ದು ಎಂಬುದನ್ನು ಕೊಂಚ ವಿಚಾರ ಮಾಡುವುದು ಉಚಿತ.

ಬ್ರಿಟನ್ನಿನ ಹಳೆಯ ‘ರೋಡ್‌ಸ್ಟರ್’ ಎಂದೊಡನೆ ಬಹುಮಂದಿಗೆ ನೆನಪಾಗುವುದು ಮೇಲುಹೊದಿಕೆಯಿಲ್ಲದ, ಇಬ್ಬರೇ ಕೂರುವ ಮೋಟಾರು: ಎಂ.ಜಿ., ಟ್ರಯಂಫ್, ಆಸ್ಟಿನ್-ಹೀಲಿ. ಹಳೆಯ ಮೋಟಾರುಗಳ ಮೋಹ ನಮ್ಮಲ್ಲೂ ಉಂಟು. ಧರ್ಮಸ್ಥಳದ ಸಂಗ್ರಹದ ಮುಂದೆ ಮೈಮರೆತು ನಿಲ್ಲುವ ಯಾತ್ರಿಕರೇ ಅದಕ್ಕೆ ಸಾಕ್ಷಿ. ಆದರೆ ಈ ಮೋಟಾರುಗಳ ಮನೆತನವನ್ನು ವಿಚಾರಿಸಿದರೆ ಕೊನೆಗೆ ಸಿಕ್ಕುವುದು ಸೈಕಲ್ ಅಂಗಡಿಯೇ. ಎಂ.ಜಿ. ಎಂಬ ಹೆಸರಿಗೆ ಮೂಲವಾದ ಮಾರಿಸ್ ಗ್ಯಾರೇಜಿನ ಒಡೆಯ ವಿಲಿಯಂ ಮಾರಿಸ್, ಆಕ್ಸ್‌ಫರ್ಡಿನಲ್ಲಿ ಸೈಕಲ್ ರಿಪೇರಿಯಿಂದ ಕಸುಬು ಆರಂಭಿಸಿದವನು. ಟ್ರಯಂಫ್, ಹಂಬರ್, ರೋವರ್ ಇವೆಲ್ಲ ಮೊದಲು ಸೈಕಲ್ಲಿನ ಹೆಸರುಗಳು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಲೋಕದ ಮುಂದಿಟ್ಟ ರೋವರ್ ಸೈಕಲ್ಲೇ ನಾವು ಇಂದು ಕಾಣುವ ಸೈಕಲ್ಲುಗಳ ಮೂಲಮಾದರಿ. ಅಂಥ ಎತ್ತರದ ಕರಿಯ ಸೈಕಲ್ಲಿಗೂ ಇಂಗ್ಲಿಷರು ಇಟ್ಟ ಹೆಸರು ರೋಡ್‌ಸ್ಟರ್ ಎಂದೇ. ನಮ್ಮ ತೆಂಗಿನ ಸೀಮೆಗೆ ಬಂದ ರೋಡ್‌ಸ್ಟರ್ ಇದು.

ಇದರ ಆಕರ್ಷಣೆ ಯಾವುದರಲ್ಲಿದೆ? 28 ಅಂಗುಲದ ಚಕ್ರಗಳು, ತಂತಿಗೆ ಬದಲಾಗಿ ಸರಳುಗಳಿಂದ ಎಳೆಯುವ ಬ್ರೇಕು, ಕೆಸರು ತಾಗದಂತೆ ಚೈನನ್ನು ಮುಚ್ಚಿದ ಕವಚ, ಬೆನ್ನು ನೆಟ್ಟಗಿಟ್ಟು ಕೂರುವ ಚರ್ಮದ ಸೀಟು. ಭಾರವೆಲ್ಲ ಬೀಳುವುದು ಹಿಂದಿನ ಚಕ್ರದ ಮೇಲೆ; ಆದಕಾರಣ ಮುಂದಿನದಕ್ಕೆ 32 ಕಡ್ಡಿಗಳಿದ್ದರೆ ಹಿಂದಿನದಕ್ಕೆ 40. ಒಟ್ಟು ತೂಕ ಸುಮಾರು 20 ಕಿಲೋ. ವೇಗದ ಆಸೆಯನ್ನು ಇದು ಯಾರಿಗೂ ತೋರಿಸಲಿಲ್ಲ. ಆದರೆ ಮಣ್ಣುದಾರಿಯ ಗುಂಡಿಗಳಿಗೆ ಹೆದರದೆ ರಾಗಿಮೂಟೆಯನ್ನು ಗಿರಣಿಗೂ, ಎಳನೀರಿನ ಗೊನೆಗಳನ್ನು ಸಂತೆಗೂ, ಹಾಲಿನ ಕ್ಯಾನನ್ನು ಡೈರಿಗೂ, ಜ್ವರ ಬಂದ ಮಗುವನ್ನು ಆಸ್ಪತ್ರೆಗೂ ಮುಟ್ಟಿಸಿತು. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಇದು ಏನನ್ನೂ ಬಚ್ಚಿಡದ ಯಂತ್ರ. ಎಲ್ಲಿ ಸವೆದಿದೆ, ಎಲ್ಲಿ ಸಡಿಲವಾಗಿದೆ ಎಂಬುದು ಸವಾರನ ಕಣ್ಣಿಗೆ ಕಾಣುತ್ತದೆ. ಎರಡು ಸ್ಪ್ಯಾನರು ಇದ್ದರೆ ಕೈಗೂ ಬರುತ್ತದೆ.

ಕನ್ನಡ ಪಾಠ ಹೇಳುವ ಈ ಲೇಖಕನಿಗೆ ಇಲ್ಲಿ ವ್ಯಾಕರಣದ ಒಂದು ಸಂಗತಿ ನೆನಪಾಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಬೈಸಿಕಲ್ಲು ಮಲೆನಾಡಿಗೆ ಮೊದಲ ಬಾರಿಗೆ ಬಂದಾಗ ಜನರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಕಾಣದ ವಸ್ತುವಿಗೆ ಮನೆಯೊಳಗಿನ ಬೀಸುವ ಕಲ್ಲಿನ ನೆಂಟಸ್ತಿಕೆ ದೊರಕಿತು. ಹೊಯ್ಸಳರ ಕಾಲದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ, ಸಂಸ್ಕೃತದ ಶಬ್ದಗಳು ಕನ್ನಡದ ನಾಲಿಗೆಗೆ ಒಗ್ಗಿ ತದ್ಭವಗಳಾಗುವ ಬಗೆಯನ್ನು ವಿವರಿಸಲು ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ನಾಲಿಗೆ ತನಗೆ ಬೇಕಾದಂತೆ ಶಬ್ದವನ್ನು ಸವೆಸಿಕೊಳ್ಳುತ್ತದೆ. ಸವೆದ ಶಬ್ದ ನಮ್ಮದಾಗುತ್ತದೆ. ಪೆಡ್ಲು, ಬೆಲ್ಲು, ಬ್ರೇಕು, ಟೈರು ಎಲ್ಲವೂ ಹೀಗೆಯೇ ಬಂದವು. ನಮ್ಮೂರ ಕವಲುದಾರಿಯನ್ನೇ ನೋಡಿ: ‘ಕೈಮರ’ ಎಂಬ ಅಂದವಾದ ಕನ್ನಡದ ಮಾತಿದ್ದರೂ ಕಂಡಕ್ಟರು ಕೂಗುವುದು ‘ಗಂಡಸಿ ಹ್ಯಾಂಡ್‌ಪೋಸ್ಟ್’ ಎಂದು. ಅದನ್ನು ಇಂಗ್ಲಿಷೆಂದು ಯಾರೂ ಬಗೆಯುವುದಿಲ್ಲ.

ತಂದೆಯವರ ರ‍್ಯಾಲಿಯೂ ಇಂಥ ತದ್ಭವ. ನಾಟಿಂಗ್‌ಹ್ಯಾಮಿನ ಚೌಕಟ್ಟಿಗೆ ಲೂಧಿಯಾನ, ಮದರಾಸು, ಅರಸೀಕೆರೆಗಳು ಒಂದೊಂದು ಅಕ್ಷರವನ್ನು ಬದಲಿಸಿಕೊಟ್ಟಿವೆ. ಅದನ್ನು ಬಿಚ್ಚಿ, ಹೊಸ ಬಣ್ಣ ಬಳಿದು, ಸಮುದ್ರದಾಚೆಯಿಂದ ಬಿಡಿಭಾಗಗಳನ್ನು ತರಿಸಿ ಮತ್ತೆ ತತ್ಸಮ ಮಾಡಬಹುದು. ಆಗ ಇಂಗ್ಲೆಂಡಿನ ಒಂದು ಚೆಲುವಾದ ವಸ್ತು ದೊರಕೀತು. ಗಂಡಸಿಯ ಸೈಕಲ್ಲು ಇಲ್ಲವಾಗುತ್ತದೆ. ಅದರ ತವರಿನಲ್ಲಾದರೂ ಉಳಿದಿರುವುದೇನು? ಆ ಕಾರ್ಖಾನೆಯಲ್ಲಿ ದುಡಿದಿದ್ದ ಅಲನ್ ಸಿಲಿಟೋ 1958ರಲ್ಲಿ ಬರೆದ ಕಾದಂಬರಿಯ ನಾಯಕ ಸೈಕಲ್ ಕಾರ್ಖಾನೆಯ ಕೆಲಸಗಾರ. 2002ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ತಯಾರಿಕೆಯೇ ನಿಂತಿತು. ಕಾರ್ಖಾನೆಯಿದ್ದ ನೆಲದಲ್ಲಿ ಇಂದು ವಿಶ್ವವಿದ್ಯಾನಿಲಯದ ಆವರಣವಿದೆ. ಅಸನ್ಸೋಲಿನ ಸೆನ್-ರ‍್ಯಾಲಿಯೂ ಮುಚ್ಚಿತು. ಅಟ್ಲಾಸ್ ಸಂಸ್ಥೆಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅದು ವಿಶ್ವ ಸೈಕಲ್ ದಿನ. ಕಾರ್ಖಾನೆಗಳು ಅಳಿದರೂ ಸೈಕಲ್ಲುಗಳನ್ನು ಉಳಿಸಿದವರು ಪಂಕ್ಚರ್ ಅಂಗಡಿಯವರು.

ಹಾಗೆಂದು ಆ ಕಾಲವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಇಂಗ್ಲಿಷ್ ಸೈಕಲ್ಲು ಮೊದಮೊದಲು ಅಧಿಕಾರಿಯ, ಅನುಕೂಲಸ್ಥನ ವಾಹನ; ಉಳಿದವರು ಅದಕ್ಕೆ ದಾರಿ ಬಿಟ್ಟು ನಿಲ್ಲಬೇಕಾಗಿತ್ತು. ಮುಂದೆ ವಾಚಿನೊಡನೆ ಸೈಕಲ್ಲೂ ವರೋಪಚಾರದ ಪಟ್ಟಿಯಲ್ಲಿ ಸೇರಿ ಎಷ್ಟೋ ಹೆಣ್ಣುಹೆತ್ತವರನ್ನು ಸಾಲಕ್ಕೆ ದೂಡಿತು. ಈ ಪಾಪವನ್ನು ಹೊಳೆಯುವ ಹಿತ್ತಾಳೆಯ ಬಿಲ್ಲೆ ಮರೆಸಬಾರದು. ಒಬ್ಬರ ಠೀವಿಗಾಗಿ ಬಂದದ್ದು ಎಲ್ಲರ ಕಾಲಾಗಿ ಬದಲಾದುದೇ ಅದರ ನಿಜವಾದ ಹಿರಿಮೆ.

ಆ ಹಿರಿಮೆ ಹೆಣ್ಣುಮಕ್ಕಳನ್ನು ಮುಟ್ಟಿದ್ದು ತಡವಾಗಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲಾರಂಭಿಸಿದ ಮೇಲೆ, ನಮ್ಮ ಹೋಬಳಿಯ ಹಟ್ಟಿ ಹಳ್ಳಿಗಳ ಹುಡುಗಿಯರು ಸಾಲುಸಾಲಾಗಿ ಪ್ರೌಢಶಾಲೆಗೆ ಬರುವುದನ್ನು ಕಂಡು ಹಿರಿಯರು ಜಗಲಿಯ ಮೇಲೆ ಎದ್ದು ಕುಳಿತು ನೋಡಿದರು. ಬಸ್ಸಿನ ವೇಳೆಗೆ ಕಟ್ಟುಬಿದ್ದಿದ್ದ ಓದು ಅವರ ಕಾಲಿನ ವಶಕ್ಕೆ ಬಂತು. ಕೋವಿಡ್ ವರ್ಷಗಳಲ್ಲಿ ಆ ವಿತರಣೆ ನಿಂತಿತು. ರಿಪೇರಿ ಮಾಡುವ ಅಂಗಡಿ ಹತ್ತಿರದಲ್ಲಿಲ್ಲದೆ, ಒಂದು ಪಂಕ್ಚರಿಗೇ ಸೈಕಲ್ಲು ಮೂಲೆ ಸೇರಿದ ಮನೆಗಳನ್ನೂ ಈ ಲೇಖಕ ಕಂಡಿದ್ದಾನೆ. ಕೊಡುವುದು ಅರ್ಧ ಕೆಲಸ. ಕೆಟ್ಟಾಗ ಸರಿಪಡಿಸುವ ವಿದ್ಯೆ ಊರಿನಲ್ಲಿ ಉಳಿಯುವಂತೆ ಮಾಡುವುದು ಇನ್ನರ್ಧ. ಶಾಲೆಗೊಂದು ಪಂಪು, ಎರಡು ಸ್ಪ್ಯಾನರು, ವಾರಕ್ಕೊಂದು ದಿನ ಬಂದು ಹೇಳಿಕೊಡುವ ಹಳೆಯ ಮೇಸ್ತ್ರಿ: ಇದಕ್ಕೆ ತಗಲುವ ವೆಚ್ಚ ಯಾವ ಪಂಚಾಯತಿಗೂ ಹೊರೆಯಾಗಲಾರದು.

ಹಳೆಯದನ್ನು ಸಂಗ್ರಹಿಸುವ ಸಜ್ಜನರ ಬಗ್ಗೆ ನಮಗೆ ಗೌರವವಿದೆ. ಅವರಿಲ್ಲದಿದ್ದರೆ ಎಷ್ಟೋ ಸೈಕಲ್ಲು ಗುಜರಿಯ ತಕ್ಕಡಿಗೆ ಹೋಗುತ್ತಿತ್ತು. ಆದರೆ ಅವರಲ್ಲಿ ಒಂದು ವಿನಂತಿ. ಕೊಂಡ ಸೈಕಲ್ಲಿನ ಸವೆತವನ್ನು ದೋಷವೆಂದು ಅಳಿಸದಿರಲಿ. ಅದನ್ನು ಗೋಡೆಗೆ ತೂಗುಹಾಕದೆ ಬೀದಿಗೆ ತರಲಿ.

ನಮ್ಮ ಮನೆಗೆ ಬಂದಿದ್ದವರು ಕಾಫಿ ಕುಡಿದು, ಒಂದು ಸಲ ಹತ್ತಬಹುದೇ ಎಂದು ಕೇಳಿ, ಆ ಸೈಕಲ್ಲನ್ನು ಊರ ಮುಂದಿನ ದಾರಿಯಲ್ಲಿ ತುಳಿದುಕೊಂಡು ಹೋದರು. ಹಿಂದಿರುಗಿದ ಮೇಲೆ ಫ್ರೇಮಿನ ಮಾತು ಎತ್ತಲಿಲ್ಲ. ಹಿಂದಿನ ಚಕ್ರ ಸ್ವಲ್ಪ ಓಲಾಡುತ್ತದೆ ಎಂದರು. ತಂದೆಯವರು ಮಾರನೆಯ ದಿನವೇ ಅದನ್ನು ಅಂಗಡಿಗೆ ಒಯ್ದು ಕಡ್ಡಿ ಬಿಗಿ ಮಾಡಿಸಿಕೊಂಡು ಬಂದರು.