ಕುಬ್ಜವೃಕ್ಷದ ಋಣ

ತಟ್ಟೆಯಲ್ಲಿ ಮರ ಬೆಳೆಸುವ ಬೋನ್ಸಾಯ್ ವಿದ್ಯೆಯೆಂದರೆ ನಮ್ಮಲ್ಲಿ ಅನೇಕರಿಗೆ ಮುನಿಸು. ಮುಗಿಲಿಗೆ ಕೈಚಾಚಬೇಕಾದ ಆಲವನ್ನು ಮೊಳದುದ್ದಕ್ಕೆ ತಡೆದು ನಿಲ್ಲಿಸುವುದು ಹಿಂಸೆಯಲ್ಲವೆ ಎಂದು ಅವರು ಕೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ದೈವವೆಂದು ಪೂಜಿಸುವ ದೊಡ್ಡ ಸಂಪಿಗೆಯ ಬುಡದಲ್ಲಿ ನಿಂತು ಬಂದವರಿಗೆ ತಟ್ಟೆಯ ಮರ ಅಣಕದಂತೆ ತೋರಿದರೆ ಆಶ್ಚರ್ಯವೇನು?

ಆದರೂ ನಾನು ಈ ಆಕ್ಷೇಪವನ್ನು ಒಪ್ಪಲಾರೆ. ನಮ್ಮ ಕೊಳ್ಳೇಗಾಲದ ಸುತ್ತಮುತ್ತ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ಮರವಾಗಗೊಡದೆ ಮತ್ತೆಮತ್ತೆ ಸವರುತ್ತಾರೆ. ಅದು ಮತ್ತೆಮತ್ತೆ ಚಿಗುರುತ್ತದೆ. ಅದನ್ನು ಯಾರೂ ಹಿಂಸೆಯೆನ್ನುವುದಿಲ್ಲ. ಬೋನ್ಸಾಯ್ ಎಂಬ ಜಪಾನಿ ಮಾತಿಗೂ ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಅರ್ಥ. ಅಂಥ ಮರ ಕತ್ತರಿಯಿಂದ ಸಾಯುವುದು ಅಪರೂಪ. ಯಜಮಾನನ ಮರೆವಿನಿಂದ ಸಾಯುವುದೇ ಹೆಚ್ಚು.

ಇದನ್ನು ನಾನು ಅಪರಾಧಿಯಾಗಿಯೇ ಹೇಳುತ್ತಿದ್ದೇನೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ದಿನ ಶಿಷ್ಯರು ಪುಟ್ಟ ಆಲವೊಂದನ್ನು ಕಾಣಿಕೆಯಿತ್ತರು. ಬಂದವರ ಕಣ್ಣಿಗೆ ಬೀಳಲೆಂದು ಅದನ್ನು ಹಜಾರದ ಪುಸ್ತಕದ ಬೀರುವಿನ ಮೇಲಿಟ್ಟೆ. ನೆನಪಾದಾಗ ಒಂದು ಲೋಟ ನೀರು ಹಾಕಿದೆ. ಬೇಸಿಗೆಯಲ್ಲಿ ಹನೂರಿಗೆ ನಂಟರ ಮದುವೆಗೆಂದು ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ಎಲೆಗಳು ಹಪ್ಪಳದಂತೆ ಒಣಗಿದ್ದವು. ಶಿಷ್ಯರು ಬಂದು ಕೇಳಿದರೇನು ಗತಿಯೆಂದು ಬರಿಯ ತಟ್ಟೆಯನ್ನು ಅಟ್ಟದಲ್ಲಿ ಅಡಗಿಸಿದೆ.

ಬೆಟ್ಟದ ಸಂಪಿಗೆ ತನ್ನ ನೀರನ್ನು ತಾನೇ ಅರಸಿಕೊಳ್ಳುತ್ತದೆ. ತಟ್ಟೆಯ ಮರಕ್ಕಿರುವುದು ಮೂರು ಬೆರಳಿನಷ್ಟು ಮಣ್ಣು. ಏಪ್ರಿಲ್ ಬಿಸಿಲಿಗೆ ಅದು ಒಂದೇ ಹಗಲಿನಲ್ಲಿ ಒಣಗೀತು. ದಿನವೂ ಬೆರಳಿಟ್ಟು ನೋಡಬೇಕು. ಮೇಲ್ಮಣ್ಣು ಒಣಗಿದ್ದರೆ ತಳದ ತೂತುಗಳಿಂದ ಹರಿಯುವವರೆಗೆ ನೀರೆರೆಯಬೇಕು. ಹಸಿಯಾಗಿದ್ದರೆ ಸುಮ್ಮನಿರಬೇಕು, ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ಬರಿಯ ಕೆರೆಗೋಡು ಗಟ್ಟಿಕಟ್ಟುವುದರಿಂದ ದಪ್ಪ ಮರಳು, ಜರಡಿಯಾಡಿದ ಇಟ್ಟಿಗೆಚೂರು, ಎಲೆಗೊಬ್ಬರಗಳನ್ನು ಬೆರೆಸಬೇಕು. ಆಲ ಅರಳಿಗಳಿಗೆ ಹಜಾರ ಸಲ್ಲದು. ಬೆಳಗಿನ ಬಿಸಿಲು ಬೀಳುವ ಜಗಲಿಯೇ ಲೇಸು. ಎರಡು ವರ್ಷಕ್ಕೊಮ್ಮೆ, ಮಳೆಗಾಲದ ಮೊದಲಲ್ಲಿ, ಬೇರಿನ ಮೂರರಲ್ಲೊಂದು ಪಾಲನ್ನು ಮೀರದಂತೆ ಕತ್ತರಿಸಿ, ಹೊಸ ಮಣ್ಣಿಗಿಟ್ಟು, ಎರಡು ವಾರ ನೆರಳಿನಲ್ಲಿ ಕಾಪಾಡಬೇಕು. ಕೊಂಬೆ ಬಾಗಿಸಲು ಸುತ್ತಿದ ತಂತಿಯನ್ನು ಅದು ತೊಗಟೆಯನ್ನು ಕಚ್ಚುವ ಮೊದಲೇ ತೆಗೆಯಬೇಕು.

ಇಷ್ಟನ್ನು ಕಲಿತ ಮೇಲೆ ಮತ್ತೊಂದು ಮರಕ್ಕೆ ಧೈರ್ಯಮಾಡಿದೆ. ಯಳಂದೂರಿನಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರ ಗೋಡೆಬಿರುಕಿನಿಂದ ಅರಳಿಯ ಸಸಿಯನ್ನು ಬಿಡಿಸಿ ತಂದೆ. ಇಂಥ ಅನಾಥ ಸಸಿಗಳು ಊರೂರಿನಲ್ಲೂ ಉಂಟು; ಇದಕ್ಕಾಗಿ ಕಾಡಿಗೆ ಕೈಹಾಕಬೇಕಾಗಿಲ್ಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿಯ ಕಾಡಿನಿಂದ ಗಿಡ ಕಿತ್ತು ತಂದು ಪ್ರಕೃತಿಪ್ರೇಮವೆನ್ನುವುದು ನಾಚಿಕೆಗೇಡು.

ಅಮೆರಿಕದ ವಾಷಿಂಗ್‌ಟನ್ ನಗರದ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಜಪಾನಿನ ಬಿಳಿ ಪೈನ್ ಮರವೊಂದಿದೆ. 1625ರಿಂದ ತಟ್ಟೆಯಲ್ಲಿ ಬೆಳೆದು ಬಂದ ಆ ಮರ 1945ರಲ್ಲಿ ಹಿರೋಷಿಮಾದ ಬಾಂಬಿಗೂ ಅಳಿಯದೆ ಉಳಿಯಿತು; 1976ರಲ್ಲಿ ಯಾಮಾಕಿ ಮನೆತನದವರು ಅದನ್ನು ಅಮೆರಿಕಕ್ಕೇ ಕೊಡುಗೆಯಿತ್ತರು. ಸುಮಾರು ನಾನೂರು ವರ್ಷಗಳ ಕಾಲ ಯಾರೋ ಒಬ್ಬರು ಅದಕ್ಕೆ ನೀರೆರೆದಿದ್ದಾರೆ. ಇದರ ಮುಂದೆ ನನ್ನ ನಾಲ್ಕು ದಿನದ ಮದುವೆಯೂಟ ಎಷ್ಟರದು!

ಕಳೆದ ವರ್ಷ ಶಿಷ್ಯರಲ್ಲೊಬ್ಬ ಮನೆಗೆ ಬಂದ. ಜಗಲಿಯಲ್ಲಿದ್ದ ತಟ್ಟೆಯನ್ನು ಗುರುತಿಸಿ, “ಮೇಷ್ಟ್ರೇ, ನಾವು ಕೊಟ್ಟದ್ದು ಆಲವಲ್ಲವೆ?” ಎಂದ. ನಡೆದದ್ದನ್ನು ಹೇಳಿದೆ. ಅವನು ನಗಲಿಲ್ಲ, ಅರಳಿಯ ಬುಡಕ್ಕೆ ಬೆರಳಿಟ್ಟು ನೋಡಿ, ನೀರು ತಂದೆರೆದ. ದಿನವೂ ಇಷ್ಟು ಮಾಡಲಾರದವರು ಬೋನ್ಸಾಯನ್ನು ಕೊಳ್ಳದಿರುವುದೇ ಮರಕ್ಕೆ ಮಾಡುವ ಉಪಕಾರವೆಂದು ನನ್ನ ಅಭಿಪ್ರಾಯ.