ಆರಿಸದೆ ಬಿಟ್ಟ ಆಟಗಾರ

ಕಳೆದ ತಿಂಗಳು ನಮಗೆ ಪರಿಚಿತರಾದ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, ಸ್ವಲ್ಪ ಸಂಕೋಚದಿಂದಲೇ ಒಂದು ಮಾತನ್ನೆತ್ತಿದರು. ಅವರ ಮೊಮ್ಮಗ ಅಮೆರಿಕದಲ್ಲಿ ಹುಟ್ಟಿ ಬೆಳೆದವನು. ಅಲ್ಲಿಯ ಒಂದು ಸಣ್ಣ ಕಾಲೇಜಿನ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ. ಚೆನ್ನಾಗಿ ಆಡುತ್ತಾನೆಂದು ಕಂಡವರು ಹೇಳುತ್ತಾರೆ. ಆದರೆ ಪತ್ರಿಕೆಗಳಲ್ಲಿ ಅವನ ಹೆಸರಿಲ್ಲ, ದೊಡ್ಡ ತಂಡದವರಾರೂ ಅವನನ್ನು ನೋಡಲು ಬಂದಿಲ್ಲ.

“ಶಾಸ್ತ್ರಿಗಳೆ, ಹುಡುಗ ಇದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದಿದ್ದಾನೆ. ತಂದೆಗೆ ಸಿಟ್ಟು, ತಾಯಿಗೆ ಕಣ್ಣೀರು. ಯಾರೂ ಗುರುತಿಸದ ಹುಡುಗನಿಗೆ ಆಟದಿಂದ ಅನ್ನ ಹುಟ್ಟೀತೆ?” ಎಂದು ಕೇಳಿದರು.

ವ್ಯಾಕರಣ, ತರ್ಕಗಳಲ್ಲಿ ಆಯುಷ್ಯ ಕಳೆದ ನಮಗೆ ಚೆಂಡಾಟದ ವಿಷಯ ದೂರದ್ದು. ಆದರೂ ಕೇಳಿದವರನ್ನು ಬರಿಗೈಯಲ್ಲಿ ಕಳುಹಿಸುವುದು ಉಚಿತವಲ್ಲವೆಂದು ಒಂದು ತಿಂಗಳ ಅವಧಿ ಬೇಡಿದೆವು. ಬಲ್ಲವರನ್ನು ವಿಚಾರಿಸಿ, ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತಿದ್ದೇವೆ. ಇಂಥ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಹಲವು ಮನೆಗಳಲ್ಲಿರುವುದರಿಂದ ವಾಚಕರೆಲ್ಲರಿಗೂ ಇದು ಉಪಯೋಗವಾದೀತು.

ಮೊದಲು ಲೆಕ್ಕವನ್ನು ನೋಡೋಣ. ಅಮೆರಿಕದ ಮೊದಲ ದರ್ಜೆಯ ಕಾಲೇಜು ಪಂದ್ಯಗಳಲ್ಲಿ 350ಕ್ಕೂ ಹೆಚ್ಚು ಸಂಸ್ಥೆಗಳ ತಂಡಗಳು ಆಡುತ್ತವೆ. ಆಟಗಾರರ ಸಂಖ್ಯೆ ಸಾವಿರಗಳಲ್ಲಿದೆ. ಎನ್.ಬಿ.ಎ. ಎಂಬ ಅತ್ಯುನ್ನತ ವೃತ್ತಿಪರ ಕೂಟದಲ್ಲಾದರೋ ಇರುವುದು 30 ತಂಡಗಳು. ತಂಡವೊಂದಕ್ಕೆ 15 ಪೂರ್ಣ ಸ್ಥಾನಗಳು. ವರ್ಷಕ್ಕೊಮ್ಮೆ ‘ಡ್ರಾಫ್ಟ್’ ಎಂಬ ಆಯ್ಕೆ ನಡೆಯುತ್ತದೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಹೆಸರಿಸುತ್ತವೆ. 2016ರಲ್ಲಿ ಹೀಗೆ ಹೆಸರಿಸಲ್ಪಟ್ಟವರು 60 ಮಂದಿ, ಅದೂ ಜಗತ್ತಿನ ಎಲ್ಲ ದೇಶಗಳಿಂದ. ಆದುದರಿಂದ ತಂದೆಯ ಸಿಟ್ಟು ನಿರಾಧಾರವಾದುದೆಂದು ಹೇಳಲಾಗದು.

ಆ 2016ರ ಜೂನ್ ತಿಂಗಳ ರಾತ್ರಿ, ಅರವತ್ತು ಹೆಸರುಗಳಲ್ಲಿ ತನ್ನದೂ ಬಂದೀತೆಂದು ಬಂಧುಮಿತ್ರರೊಡನೆ ಕಾದು ಕುಳಿತಿದ್ದ ಒಬ್ಬ ತರುಣನಿದ್ದನು. ಹೆಸರು ಫ್ರೆಡ್ ವ್ಯಾನ್‌ವ್ಲೀಟ್. ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಎಂಬ ಊರಿನವನು. ಐದು ವರ್ಷದವನಿದ್ದಾಗ, 1999ರಲ್ಲಿ, ತಂದೆ ಗುಂಡೇಟಿಗೆ ಬಲಿಯಾದನು. ಮುಂದೆ ತಾಯಿಯ ಬಾಳಿಗೆ ಜೊತೆಯಾದ ಪೊಲೀಸ್ ವೃತ್ತಿಯ ಮಲತಂದೆ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ಆಟದ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದನು. ಹೀಗೆ ಬೆಳೆದ ಹುಡುಗ ಕ್ಯಾನ್ಸಸ್ ರಾಜ್ಯದ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿದನು. ಅದು ಆಟದಲ್ಲಿ ಹೆಸರಿದ್ದರೂ ದೊಡ್ಡ ಕೂಟಗಳಿಗೆ ಸೇರದ ಸಂಸ್ಥೆ.

ಅವನು ಆಡಿದ ಸ್ಥಾನದ ಹೆಸರು ಗಾರ್ಡ್. ಚೆಂಡನ್ನು ಪುಟಿಸುತ್ತ ಮುಂದಕ್ಕೆ ತರುವವನು, ಯಾರು ಎಲ್ಲಿದ್ದಾರೆಂದು ಕಂಡು ಹಂಚುವವನು, ಎದುರು ತಂಡದ ಚುರುಕು ಆಟಗಾರನನ್ನು ತಡೆಯುವವನು ಅವನೇ. ವ್ಯಾನ್‌ವ್ಲೀಟನ ಎರಡನೆಯ ವರ್ಷದಲ್ಲಿ ಅವನ ತಂಡ ಸತತವಾಗಿ 35 ಪಂದ್ಯಗಳನ್ನು ಗೆದ್ದಿತು. 2014ರ ಮಾರ್ಚ್‌ನಲ್ಲಿ ಕೆಂಟಕಿಯೊಡನೆ ನಡೆದ 36ನೆಯ ಪಂದ್ಯದಲ್ಲಿ 78-76ರಿಂದ ಸೋತಿತು. ಗೆಲುವು ತರಬಹುದಾಗಿದ್ದ ಕೊನೆಯ ಎಸೆತ ಇವನದೇ. ಚೆಂಡು ಬುಟ್ಟಿಗೆ ಬೀಳಲಿಲ್ಲ.

ನಾಲ್ಕು ವರ್ಷ ಆಡಿ ಮುಗಿಸಿದಾಗ ಪರೀಕ್ಷಕರಿಗೆ ಕಂಡದ್ದೇನು? ಎತ್ತರ ಆರು ಅಡಿ, ಅಂದರೆ ಆ ಕೂಟದ ಸರಾಸರಿಗಿಂತ ಅರ್ಧ ಅಡಿಯಷ್ಟು ಕಡಿಮೆ. ವಯಸ್ಸು 22, ತಂಡಗಳು ಹುಡುಕುವುದು ಇನ್ನೂ ಬೆಳೆಯಬಲ್ಲ ಹತ್ತೊಂಬತ್ತರ ಹುಡುಗರನ್ನು. ಮೈಯಲ್ಲಿ ಬೆರಗುಗೊಳಿಸುವ ನೆಗೆತವಿಲ್ಲ. ಕೆಲವು ತಂಡಗಳು, ಕೆಳದರ್ಜೆಯ ಕೂಟದಲ್ಲಿ ಅಲ್ಪ ವೇತನಕ್ಕೆ ಒಂದು ವರ್ಷ ಆಡಲು ಒಪ್ಪಿದರೆ ಕೊನೆಯ ಸರದಿಯಲ್ಲಿ ಹೆಸರಿಸುತ್ತೇವೆಂದವು. ಅವನು ಒಪ್ಪಲಿಲ್ಲ. ಅರವತ್ತು ಹೆಸರುಗಳೂ ಮುಗಿದವು.

ಮುಂದಿನದು ತಾಳ್ಮೆಯ ಕಥೆ. ಕೆನಡಾದ ಟೊರಾಂಟೊ ತಂಡ ಅವನನ್ನು ಬೇಸಿಗೆಯ ಪಂದ್ಯಗಳಿಗೆ ಕರೆಯಿತು. ಉಳಿದಿದ್ದ ಹದಿನೈದನೆಯ ಸ್ಥಾನಕ್ಕಾಗಿ ಹಲವರೊಡನೆ ಸ್ಪರ್ಧಿಸಿ ಅದನ್ನು ಪಡೆದನು. ಮೊದಲ ವರ್ಷ ಬಹುಪಾಲು ಕುಳಿತು ನೋಡಿದ್ದೇ ಹೆಚ್ಚು. ನಡುನಡುವೆ ಕೆಳದರ್ಜೆಯ ಕೂಟಕ್ಕೂ ಹೋಗಿ ಆಡಿ ಬಂದನು. 2019ರಲ್ಲಿ ಟೊರಾಂಟೊ ಅಂತಿಮ ಘಟ್ಟದತ್ತ ಸಾಗುತ್ತಿದ್ದಾಗ ಇವನ ಎಸೆತಗಳು ವಾರಗಟ್ಟಲೆ ಗುರಿ ತಪ್ಪಿದವು, ಜನ ನಿಂದಿಸಿದರು. ತರಬೇತುದಾರ ಅವನನ್ನು ಕೈಬಿಡಲಿಲ್ಲ. ಜೂನ್ 13ರಂದು ಪ್ರಶಸ್ತಿ ನಿರ್ಣಯಿಸಿದ ಪಂದ್ಯದಲ್ಲಿ ಅವನು 22 ಅಂಕ ಗಳಿಸಿದನು. ಅದರಲ್ಲಿ 12 ಕೊನೆಯ ಪಾದದಲ್ಲಿ ಬಂದವು. ಟೊರಾಂಟೊಗೆ ಅದು ಮೊದಲ ಪ್ರಶಸ್ತಿ. ಸರಣಿಯ ಶ್ರೇಷ್ಠ ಆಟಗಾರನನ್ನು ಆರಿಸಿದ 11 ಮತಗಳಲ್ಲಿ ಒಂದು ಇವನಿಗೂ ಬಿದ್ದಿತು. 2021ರ ಫೆಬ್ರುವರಿಯಲ್ಲಿ ಒಂದೇ ಪಂದ್ಯದಲ್ಲಿ 54 ಅಂಕ ಗಳಿಸಿದನು. ಡ್ರಾಫ್ಟಿನಲ್ಲಿ ಆಯ್ಕೆಯಾಗದ ಯಾವ ಆಟಗಾರನೂ ಅಲ್ಲಿಯವರೆಗೆ ಅಷ್ಟು ಗಳಿಸಿರಲಿಲ್ಲ. 2023ರಲ್ಲಿ ಹ್ಯೂಸ್ಟನ್ ತಂಡ ಅವನನ್ನು ಕರೆದುಕೊಂಡಿತು. 2025ರಲ್ಲಿ ಆಟಗಾರರ ಸಂಘ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಅದೇ ವರ್ಷ ಮಂಡಿಗೆ ಭಾರಿ ಪೆಟ್ಟಾಯಿತು. ದೇಹವನ್ನು ನಂಬಿದ ವೃತ್ತಿಯಲ್ಲಿ ಈ ಭಯ ತಪ್ಪದು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಆದರೆ ಸತ್ಯ ಅರ್ಧವಾಗುತ್ತದೆ. ವಿಚಿಟಾದಲ್ಲಿ ವ್ಯಾನ್‌ವ್ಲೀಟನ ಪಕ್ಕದಲ್ಲೇ ನಾಲ್ಕು ವರ್ಷ ಗಾರ್ಡ್ ಆಗಿ ಆಡಿದವನು ರಾನ್ ಬೇಕರ್. ಕ್ಯಾನ್ಸಸ್‌ನ ಸ್ಕಾಟ್ ಸಿಟಿ ಎಂಬ ಸಣ್ಣ ಊರಿನವನು; ಮೊದಲು ವಿದ್ಯಾರ್ಥಿವೇತನವೂ ಇಲ್ಲದೆ ತಂಡ ಸೇರಿದವನು. ಎತ್ತರದಲ್ಲಿ ಗೆಳೆಯನಿಗಿಂತ ಮೂರುನಾಲ್ಕು ಅಂಗುಲ ಹೆಚ್ಚು. ಅವನ ಹೆಸರೂ ಅದೇ ರಾತ್ರಿ ಬರಲಿಲ್ಲ. ಅವನೂ ಛಲದಿಂದ ನ್ಯೂಯಾರ್ಕ್ ತಂಡದಲ್ಲಿ ಸ್ಥಾನ ಪಡೆದನು. ಗಾಯಗಳು ಕಾಡಿದವು. ಮೂರು ಋತುಗಳಲ್ಲಿ ಎನ್.ಬಿ.ಎ.ಯ ಬಾಗಿಲು ಮುಚ್ಚಿತು. 2019ರಲ್ಲಿ ಮಾಸ್ಕೊದ ತಂಡಕ್ಕೆ ಆಡಲು ಹೋದನು. ಅದೇ ಕಾಲೇಜು, ಅದೇ ಗುರು, ಅದೇ ಉಪೇಕ್ಷೆ. ಫಲ ಮಾತ್ರ ಬೇರೆ. ದುಡಿಮೆಯಿದ್ದರೆ ಎಲ್ಲವೂ ದೊರೆಯುತ್ತದೆಂದು ನಾವು ಮಕ್ಕಳಿಗೆ ಸುಲಭವಾಗಿ ಹೇಳಿಬಿಡುತ್ತೇವೆ. ಬೇಕರನ ದುಡಿಮೆ ಕಡಿಮೆಯದೆಂದು ಹೇಳುವವರಾರು?

ಪರೀಕ್ಷಕರು ಮೂರ್ಖರಲ್ಲ. ಅವರ ಅಳತೆಪಟ್ಟಿ ಎತ್ತರವನ್ನೂ ಓಟವನ್ನೂ ನೆಗೆತವನ್ನೂ ಒಂದು ದಿನದಲ್ಲಿ ಅಳೆಯುತ್ತದೆ. ಆದರೆ ಗಾರ್ಡ್ ಸ್ಥಾನದವನ ಸತ್ತ್ವವಿರುವುದು ನೋಟದಲ್ಲಿ, ನಿರ್ಣಯದಲ್ಲಿ, ತಪ್ಪಿದ ಎಸೆತದ ಮರುಕ್ಷಣ ಮತ್ತೆ ಎಸೆಯುವ ಧೈರ್ಯದಲ್ಲಿ. ಅದು ಕಾಣಬೇಕಾದರೆ ಯಾರಾದರೂ ಅವನನ್ನು ಬಹುಕಾಲ ನೋಡಬೇಕು. ವ್ಯಾನ್‌ವ್ಲೀಟನಿಗೆ ಹಾಗೆ ನೋಡುವವರು ಸಿಕ್ಕರು. ಸಿಕ್ಕಾಗ ಅವನು ಸಿದ್ಧನಾಗಿದ್ದನು. ಎರಡನೆಯದು ಮಾತ್ರ ಅವನ ಕೈಯಲ್ಲಿದ್ದುದು.

ಹಿರಿಯರು ಮೊನ್ನೆ ಮತ್ತೆ ಬಂದರು. ಇಷ್ಟನ್ನೂ ಹೇಳಿ, “ಸಾಧ್ಯವಿದೆ, ಆದರೆ ವಿರಳ. ಪದವಿಯನ್ನು ಪೂರೈಸಲಿ, ಹದಿನೈದನೆಯ ಸ್ಥಾನವನ್ನೂ ಹೊರದೇಶದ ತಂಡವನ್ನೂ ಕೀಳೆಂದು ತಿಳಿಯದಿರಲಿ. ಕಾಲೇಜು ಮುಗಿದ ಮೇಲೆ ಎರಡು ವರ್ಷದ ಗಡುವನ್ನು ಮನೆಯವರೆಲ್ಲ ಕುಳಿತು ಒಪ್ಪಿಕೊಳ್ಳಿರಿ” ಎಂದೆವು. ಅನಂತರ ನಾವೂ ಒಂದು ಪ್ರಶ್ನೆ ಕೇಳಿದೆವು: “ಅವನ ತಂದೆತಾಯಿಗಳು ಅವನ ಆಟವನ್ನು ಎಷ್ಟು ಸಲ ನೋಡಿದ್ದಾರೆ?”

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕಾಲೇಜು ಸೇರಿದ ಮೇಲೆ ಒಮ್ಮೆಯೂ ಹೋದಂತಿಲ್ಲ” ಎಂದರು.

ದೊಡ್ಡ ತಂಡದವರು ಬಂದು ನೋಡಲಿಲ್ಲವೆಂಬುದು ಆ ಮನೆಯ ಕೊರಗು. ಕಾರಿನಲ್ಲಿ ಮೂರು ಗಂಟೆಯ ದಾರಿ ಎಂದು ಅವರೇ ಹೇಳಿದ್ದರು. ಹೊರಡುವಾಗ ಮಗನ ದೂರವಾಣಿ ಸಂಖ್ಯೆಯನ್ನು ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದರು.